ಡೌನ್ ಜಾಕೆಟ್ ಚಪ್ಪಟೆಯಾಗಿದೆಯಾ? ಎಸೆಯುವ ಮೊದಲು ತೂಗಿ ನೋಡಿ

ಕಳೆದ ಆಗಸ್ಟಿನಲ್ಲಿ ಚಿಕ್ಕಪ್ಪ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಮನೆಗೆ ಬಂದರು. ಒಳಗೆ ಅವರ ಹಳೆಯ ಡೌನ್ ಜಾಕೆಟ್, ಅಂದರೆ ಬಾತುಕೋಳಿಯ ತುಪ್ಪುಳ ತುಂಬಿದ ಚಳಿ ಅಂಗಿ. ಸೇನೆಯಲ್ಲಿದ್ದಾಗ ಲೇಹ್ ಪೇಟೆಯಲ್ಲಿ ಸ್ವಂತ ದುಡ್ಡು ಕೊಟ್ಟು ತಗೊಂಡಿದ್ದು. "ಇದರ ಕತೆ ಮುಗೀತು. ಅಲ್ಲಿ ನೀರು ಹೆಪ್ಪುಗಟ್ಟುವ ಚಳೀಲಿ ಬೆಚ್ಚಗಿಟ್ಟಿತ್ತು, ಇಲ್ಲಿ ಮಡಿಕೇರಿ ಚಳಿಗೂ ಸಾಲ್ತಿಲ್ಲ. ನಾಯಿಗೆ ಹಾಸ್ಲಿಕ್ಕೆ ಇಟ್ಕೋ ಮಗಾ," ಅಂದರು.

ಕೈಯಲ್ಲಿ ಹಿಡಿದು ನೋಡಿದೆ. ಬೆನ್ನಿನ ಭಾಗ ಎರಡು ಬೆರಳಿನಷ್ಟೂ ದಪ್ಪ ಇರಲಿಲ್ಲ. ಮುಟ್ಟಿದರೆ ತಣ್ಣಗೆ. ಕಾಲರಿನ ಹತ್ತಿರ ಬಟ್ಟೆ ಕಪ್ಪಗೆ ಮಿರುಗುತ್ತಿತ್ತು. ಚೀಲದಿಂದ ತೆಗೆದ ಕೂಡಲೇ ಮಳೆಗಾಲದ ಬೀರುವಿನ ವಾಸನೆ. ನೋಡಿದವರು ಯಾರೇ ಆದರೂ ಇದು ಸತ್ತಿದೆ ಅನ್ನುತ್ತಿದ್ದರು. ನಾನು ಮಾತ್ರ ಒಂದು ವಾರ ಇಲ್ಲೇ ಇರಲಿ ಅಂತ ಕೇಳಿ, ಅದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಇಟ್ಟೆ. 690 ಗ್ರಾಂ. ತಾರೀಕಿನ ಜೊತೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ.

ಪ್ರತಿ ವರ್ಷ ಹಿಮಾಲಯಕ್ಕೆ ಚಾರಣ ಹೋಗುವವಳು ನಾನು. ಹೀಗಾಗಿ ನೆಂಟರ, ಗೆಳತಿಯರ ಜಾಕೆಟ್‌ಗಳೆಲ್ಲ ಒಂದಲ್ಲ ಒಂದು ದಿನ ನನ್ನ ಹತ್ತಿರ ಬರುತ್ತವೆ. ಕೊಡಗಿನಲ್ಲಿ ಸೇನೆಯಲ್ಲಿ ದುಡಿದವರು ಜಾಸ್ತಿ. ಈಗ ಚಾರಣಕ್ಕೆ ಹೋಗುವ ಹುಡುಗ ಹುಡುಗಿಯರೂ ಜಾಸ್ತಿ. ಹಾಗಾಗಿ ಇಂಥ ಜಾಕೆಟ್ ಇರುವ ಮನೆಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಬಂದವುಗಳಲ್ಲಿ ನಿಜವಾಗಿ ಕೆಟ್ಟಿದ್ದವು ಕಡಿಮೆ. ಉಳಿದವು ಬರೀ ತೇವ ಕುಡಿದಿದ್ದವು, ಇಲ್ಲ ಕೊಳೆ ತುಂಬಿಕೊಂಡಿದ್ದವು. ಎರಡನ್ನೂ ಸರಿ ಮಾಡಬಹುದು. ಆದರೆ ಯಾವುದು ಯಾವುದು ಅಂತ ಮೊದಲು ಕಂಡುಹಿಡಿಯಬೇಕು, ಅಲ್ವಾ? ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಒಳಗಿರುವುದು ಏನು?

ಡೌನ್ ಅಂದರೆ ಬಾತುಕೋಳಿ ಅಥವಾ ಹೆಬ್ಬಾತಿನ ಮೇಲಿನ ಗರಿಯ ಅಡಿಯಲ್ಲಿರುವ ತುಪ್ಪುಳ. ಗರಿಗೆ ನಡುವೆ ಕಡ್ಡಿ ಇರುತ್ತದೆ. ತುಪ್ಪುಳಕ್ಕೆ ಇರುವುದಿಲ್ಲ. ಒಂದು ಚುಕ್ಕಿಯಿಂದ ಸುತ್ತಲೂ ನವಿರಾದ ಎಳೆಗಳು ಹರಡಿರುತ್ತವೆ, ದಂಡೇಲಿಯನ್ ಹೂವಿನ ಬೀಜ ಗಾಳಿಯಲ್ಲಿ ತೇಲುವಾಗ ಕಾಣುವ ಹಾಗೆ. ಆ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಎಳೆಗಳು ಒಂದಕ್ಕೊಂದು ಅಂಟಿಕೊಂಡರೆ ಗಾಳಿಗೆ ಜಾಗ ಇಲ್ಲ, ಬಿಸಿಯೂ ಇಲ್ಲ.

ಲೇಬಲ್ ಮೇಲೆ 600, 700, 800 ಅಂತ ಒಂದು ಅಂಕಿ ಇರುತ್ತದೆ. ಅದಕ್ಕೆ ಫಿಲ್ ಪವರ್ ಅನ್ನುತ್ತಾರೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪುಳ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಅನ್ನುವ ಲೆಕ್ಕ ಅದು. 600 ಅಂದರೆ ಹತ್ತಿರ ಹತ್ತಿರ 10 ಲೀಟರ್. ಒಂದು ಹಿಡಿಯಷ್ಟೂ ತೂಗದ ವಸ್ತು ಒಂದು ಸಣ್ಣ ಬಕೆಟ್ ತುಂಬುತ್ತದೆ! ಆ ಉಬ್ಬು ಅಳೆಯುವ ಪ್ರಯೋಗಾಲಯಗಳಲ್ಲೂ ತುಪ್ಪುಳಕ್ಕೆ ಮೊದಲು ಆವಿ ಕೊಟ್ಟು, ಒಣಗಿಸಿ, ಆಮೇಲೆ ಅಳೆಯುವ ಪದ್ಧತಿ ಇದೆ. ಮುದುಡಿಕೊಂಡ ತುಪ್ಪುಳ ಮತ್ತೆ ಅರಳುತ್ತದೆ ಅನ್ನುವುದು ಅವರಿಗೂ ಗೊತ್ತು.

ಇಲ್ಲೊಂದು ಮಾತು. ಪೇಟೆಯಲ್ಲಿ ಉಬ್ಬಿದ ಜಾಕೆಟ್‌ಗಳನ್ನೆಲ್ಲ ಡೌನ್ ಅಂತ ಮಾರುತ್ತಾರೆ. ಒಳಗೆ ಪಾಲಿಯೆಸ್ಟರ್ ಹತ್ತಿ ಇದ್ದರೆ ಈ ಬರಹದ ಅರ್ಧ ನಿಮಗೆ ಬೇಡ. ಅಂಥದ್ದನ್ನು ಲೇಬಲ್‌ನಲ್ಲಿ ಹೇಳಿದಂತೆ ತೊಳೆದು ಒಣಗಿಸಿದರೆ ಆಯಿತು. ಅನುಮಾನ ಇದ್ದರೆ ಹೊಲಿಗೆಯಿಂದ ತಾನಾಗಿ ಹೊರಗೆ ಬಂದ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು, ಜಾಕೆಟ್‌ನಿಂದ ದೂರ ಹೋಗಿ, ಬೆಂಕಿಗೆ ತೋರಿಸಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ತುಪ್ಪುಳ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

"ಮೊದಲಿನ ಹಾಗೆ ಉಬ್ಬುತ್ತಿಲ್ಲ"

ಹತ್ತರಲ್ಲಿ ಎಂಟು ಜನ ಹೇಳುವ ದೂರು ಇದೇ. ಕಾರಣ ಮಾತ್ರ ನಾಲ್ಕು ಇರಬಹುದು. ಒತ್ತಿಟ್ಟಿದ್ದು, ತೇವ, ಕೊಳೆ, ಇಲ್ಲ ತುಪ್ಪುಳವೇ ಸೋರಿ ಹೋಗಿರುವುದು. ಕಣ್ಣಿಗೆ ನಾಲ್ಕೂ ಒಂದೇ ಥರ ಕಾಣುತ್ತವೆ. ತಕ್ಕಡಿಗೆ ಹಾಗಲ್ಲ.

ಮೊದಲು ಜಾಕೆಟ್ ಅನ್ನು ಚೀಲದಿಂದ ತೆಗೆದು ಹತ್ತು ಸಲ ಚೆನ್ನಾಗಿ ಕೊಡವಿ. ಮಂಚದ ಮೇಲೆ ಹರಡಿ ಒಂದು ರಾತ್ರಿ ಬಿಡಿ. ತಿಂಗಳುಗಟ್ಟಲೆ ಒತ್ತಿಟ್ಟ ತುಪ್ಪುಳ ಏಳಲಿಕ್ಕೆ ಹೊತ್ತು ಹಿಡಿಯುತ್ತದೆ. ಬೆಳಿಗ್ಗೆ ಉಬ್ಬಿದ್ದರೆ ರೋಗವೇ ಇಲ್ಲ, ಇಟ್ಟ ರೀತಿ ತಪ್ಪು ಅಷ್ಟೆ.

ಉಬ್ಬದಿದ್ದರೆ ತೂಗಿ. ಗ್ರಾಂ ಲೆಕ್ಕದಲ್ಲಿ ತೋರಿಸುವ ತಕ್ಕಡಿ ಬೇಕು. ಜೇಬಲ್ಲಿ ಕರವಸ್ತ್ರ, ಚಾಕೊಲೇಟ್ ಕಾಗದ, ಬಸ್ ಟಿಕೆಟ್ ಏನೂ ಇರಬಾರದು. ಆಮೇಲೆ ಮೂರು ನಾಲ್ಕು ದಿನ ಒಣ ಜಾಗದಲ್ಲಿಟ್ಟು, ದಿನಾ ಒಂದೇ ಹೊತ್ತಿಗೆ ತೂಗಿ ಬರೆಯಿರಿ. ತೋಟದವರಿಗೆ ಇದು ಹೊಸದಲ್ಲ. ಕಣದಲ್ಲಿ ಹರಡಿದ ಕಾಫಿ ಒಣಗಿತಾ ಅಂತ ನೋಡುವುದು ಹೇಗೆ? ಚೆರಿಯಾದರೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಾದರೆ, ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿ ಗಲಗಲ ಸದ್ದು ಕೇಳುತ್ತೇವೆ. ಅದಕ್ಕಿಂತ ಖಚಿತವಾಗಿ ಬೇಕಾದರೆ ಒಂದೇ ಅಳತೆಯ ಕಾಫಿಯನ್ನು ದಿನಾ ತೂಗುತ್ತೇವೆ. ತೂಕ ಇಳಿಯುತ್ತಿದ್ದರೆ ಇನ್ನೂ ನೀರಿದೆ. ಎರಡು ದಿನ ಒಂದೇ ತೂಕ ಬಂದರೆ ಒಣಗಿದೆ. ಜಾಕೆಟ್‌ಗೂ ಅದೇ ಲೆಕ್ಕ.

ತೂಕ ಇಳಿಯುತ್ತಾ ಉಬ್ಬು ಏರಿದರೆ, ನಿಮ್ಮ ಜಾಕೆಟ್ ತೇವ ಕುಡಿದಿತ್ತು. ತೂಕ ನಿಂತರೂ ಉಬ್ಬು ಬರದಿದ್ದರೆ ಕೊಳೆ, ಬೆವರು, ಮೈಯ ಎಣ್ಣೆ. ಕೊಂಡಾಗಿನ ತೂಕ ನಿಮಗೆ ಗೊತ್ತಿದ್ದು, ಈಗಿನ ತೂಕ ಅದಕ್ಕಿಂತ ಚೆನ್ನಾಗಿ ಕಡಿಮೆ ಬಂದರೆ ತುಪ್ಪುಳ ಸೋರಿದೆ. ಹಾಗಾಗಿ ಹೊಸ ಜಾಕೆಟ್ ಕೊಂಡವರು ಬಿಸಿಲಿನ ತಿಂಗಳಲ್ಲಿ ಒಮ್ಮೆ ತೂಗಿ, ಬೆನ್ನಿನ ದಪ್ಪವನ್ನು ಸ್ಕೇಲಿನಲ್ಲಿ ಅಳೆದು, ಒಂದು ಚೀಟಿಯಲ್ಲಿ ಬರೆದು ಒಳಜೇಬಿಗೆ ಹಾಕಿಡಿ. ಐದು ವರ್ಷ ಬಿಟ್ಟು ಅದು ಕೆಲಸಕ್ಕೆ ಬರುತ್ತದೆ. ನನ್ನ ಸ್ವಂತ ಜಾಕೆಟ್ ಫೆಬ್ರವರಿಯಲ್ಲಿ 412 ಗ್ರಾಂ ಇತ್ತು. ಒಂದು ಹನಿ ಮಳೆ ತಾಕಿಸದೆ ಬೀರುವಿನಲ್ಲೇ ಇಟ್ಟಿದ್ದರೂ ಆಗಸ್ಟಿನಲ್ಲಿ 437 ಆಗಿತ್ತು. 25 ಗ್ರಾಂ ನೀರು, ಬರೀ ಗಾಳಿಯಿಂದ!

ಚಿಕ್ಕಪ್ಪನ ಜಾಕೆಟ್ ಲೇಹ್‌ನಲ್ಲಿ ಅಷ್ಟು ವರ್ಷ ಚೆನ್ನಾಗಿದ್ದು, ಇಲ್ಲಿಗೆ ಬಂದ ಮೇಲೆ ಕುಸಿದಿದ್ದಕ್ಕೆ ಉತ್ತರ ಇಲ್ಲಿದೆ. ಲೇಹ್ ಒಣ ಮರುಭೂಮಿ. ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಮಡಿಕೇರಿಯಲ್ಲಿ 3000 ದಾಟುತ್ತದೆ. ಅಲ್ಲಿ ರಾತ್ರಿ ಹೀರಿದ ಬೆವರು ಮಧ್ಯಾಹ್ನದ ಬಿಸಿಲಲ್ಲಿ ಆರಿಹೋಗುತ್ತಿತ್ತು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಇನ್ನು ತುಪ್ಪುಳ ಎಷ್ಟರದ್ದು?

ಟಾರ್ಚಿನ ಬೆಳಕಲ್ಲಿ ನೋಡಿ

ತಕ್ಕಡಿ ಹೇಳದ ಒಂದು ವಿಷಯವನ್ನು ಬೆಳಕು ಹೇಳುತ್ತದೆ. ರಾತ್ರಿ ಕೋಣೆ ಕತ್ತಲೆ ಮಾಡಿ, ಜಾಕೆಟ್ ಒಳಗೆ ಒಂದು ಎಲ್‌ಇಡಿ ಟಾರ್ಚ್ ಇಟ್ಟು, ಹೊರಗಿನಿಂದ ಒಂದೊಂದೇ ಖಾನೆ ನೋಡುತ್ತಾ ಬನ್ನಿ. ಖಾನೆ ಅಂದರೆ ಎರಡು ಅಡ್ಡ ಹೊಲಿಗೆಗಳ ನಡುವಿನ ಉಬ್ಬು ಪಟ್ಟಿ. ತೆಳು ಬಣ್ಣದ ಬಟ್ಟೆಯಾದರೆ ಚೆನ್ನಾಗಿ ಕಾಣುತ್ತದೆ. ಕಪ್ಪು ಬಟ್ಟೆಯಾದರೆ ಬೆರಳಲ್ಲಿ ಹಿಸುಕಿಯೇ ನೋಡಬೇಕು.

ಬೆಳಕು ಎಲ್ಲ ಕಡೆ ಒಂದೇ ಸಮ ಮಂಜಿನ ಹಾಗೆ ಬಂದರೆ ಒಳ್ಳೆಯದು. ಕಪ್ಪು ಗಂಟುಗಳು, ನಡುವೆ ಖಾಲಿ ಜಾಗ ಕಂಡರೆ ತುಪ್ಪುಳ ಮುದ್ದೆಯಾಗಿದೆ. ಅದು ತೊಳೆದಾಗ ಸರಿಯಾಗಿ ಒಣಗಿಸದ ಗುರುತು. ಇದನ್ನು ಬಿಡಿಸಬಹುದು. ಒಂದು ಖಾನೆ ಪೂರ್ತಿ ಬೆಳ್ಳಗೆ ಕಂಡು, ಪಕ್ಕದ ಖಾನೆ ದಪ್ಪಗಿದ್ದರೆ ಒಳಗಿನ ಗೋಡೆ ಹರಿದು ತುಪ್ಪುಳ ಅತ್ತ ಸರಿದಿದೆ. ಇದು ಸುಲಭಕ್ಕೆ ಸರಿಯಾಗುವುದಿಲ್ಲ. ಎಲ್ಲ ಖಾನೆಗಳೂ ತೆಳ್ಳಗೆ, ಆದರೆ ಸಮವಾಗಿ ಕಂಡರೆ ತುಪ್ಪುಳ ಸೋರಿರಬೇಕು, ಇಲ್ಲ ಕೊಂಡಾಗಲೇ ಕಡಿಮೆ ತುಂಬಿರಬೇಕು.

ಹೊಲಿಗೆಯ ಗೆರೆ ಮೇಲೆ ಚಳಿ ನುಗ್ಗುತ್ತದೆ ಅಂತ ಕೆಲವರು ದೂರುತ್ತಾರೆ. ಅದು ದೋಷವಲ್ಲ. ಹಗುರ ಜಾಕೆಟ್‌ಗಳಲ್ಲಿ ಹೊರಬಟ್ಟೆ, ಒಳಬಟ್ಟೆ ಎರಡನ್ನೂ ಸೇರಿಸಿ ಹೊಲಿದಿರುತ್ತಾರೆ. ಗೆರೆಯ ಮೇಲೆ ತುಪ್ಪುಳವೇ ಇರುವುದಿಲ್ಲ. ಮೇಲೊಂದು ಗಾಳಿ ತಡೆಯುವ ಅಂಗಿ ಹಾಕಿಕೊಂಡರೆ ಸಾಕು.

ವಾಸನೆ ಮತ್ತು ಬೂಷ್ಟು

ಒದ್ದೆಯಾದಾಗ ಮಾತ್ರ ಸ್ವಲ್ಪ ಬಾತುಕೋಳಿ ವಾಸನೆ ಬಂದು, ಒಣಗಿದ ಮೇಲೆ ಹೋದರೆ ಚಿಂತೆ ಬೇಡ. ಅದು ತುಪ್ಪುಳದ ಸಹಜ ವಾಸನೆ. ಒಣಗಿದ ಮೇಲೂ ಮುಗ್ಗಲು ವಾಸನೆ ಉಳಿದರೆ ಬೂಷ್ಟು ಒಳಗೆ ಇಳಿದಿದೆ ಅಂತ ಅರ್ಥ. ಕೊಳೆತ ವಾಸನೆ ಬಂದರೆ ಒದ್ದೆ ತುಪ್ಪುಳ ದಿನಗಟ್ಟಲೆ ಹಾಗೇ ಕೂತಿತ್ತು. ತುಪ್ಪುಳವೂ ನಮ್ಮ ಕೂದಲಿನ ಹಾಗೆ ಪ್ರೋಟೀನ್. ಒದ್ದೆಯಲ್ಲಿ ಇಟ್ಟರೆ ಕೊಳೆಯುತ್ತದೆ. ಈ ಕೊನೆಯದು ಒಮ್ಮೆ ತೊಳೆದು ಒಣಗಿಸಿದರೂ ಹೋಗದಿದ್ದರೆ ಆ ಜಾಕೆಟ್ ಅನ್ನು ಬಿಟ್ಟುಬಿಡಿ. ಮೂಗಿಗೆ ಅಷ್ಟು ಹತ್ತಿರ ತೊಡುವ ಬಟ್ಟೆ ಅದು.

ಬೂಷ್ಟು ಬರೀ ಮೇಲೆ ಬಿಳಿ ಪುಡಿಯ ಹಾಗೆ ಕೂತಿದ್ದರೆ, ಮಾಸ್ಕ್ ಹಾಕಿಕೊಂಡು ಅಂಗಳಕ್ಕೆ ತಂದು ಮೆತ್ತನೆ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಮನೆಯೊಳಗೆ ಬೇಡ, ಪುಡಿ ಪಕ್ಕದ ಬಟ್ಟೆಗೆ ಹೋಗಿ ಕೂರುತ್ತದೆ. ಆಮೇಲೆ ತೊಳೆಯಿರಿ. ಕಪ್ಪು ಚುಕ್ಕಿ ಬಟ್ಟೆಗೆ ಹತ್ತಿದ್ದರೆ ಕಲೆ ಉಳಿಯುತ್ತದೆ. ಅದನ್ನು ತೆಗೆಯಲಿಕ್ಕೆ ಬ್ಲೀಚ್ ಮಾತ್ರ ಹಾಕಬೇಡಿ. ಬ್ಲೀಚ್ ನೈಲಾನನ್ನೂ ತಿನ್ನುತ್ತದೆ, ತುಪ್ಪುಳವನ್ನೂ ತಿನ್ನುತ್ತದೆ. ಕಲೆ ಇದ್ದರೆ ಇರಲಿ, ಬೆಚ್ಚಗಿದ್ದರೆ ಸಾಕಲ್ವಾ.

ನುಸಿಗುಳಿಗೆ ಬೂಷ್ಟಿಗೆ ಮದ್ದಲ್ಲ. ಬೀರು ತುಂಬ ಹಾಕಿದರೂ ಬೂಷ್ಟು ಬಂದೇ ಬರುತ್ತದೆ, ಜೊತೆಗೆ ಆ ವಾಸನೆ ಜಾಕೆಟ್ ಬಿಟ್ಟು ಹೋಗುವುದಿಲ್ಲ. ಒಲೆಯ ಮೇಲಿನ ಅಟ್ಟವೂ ಬೇಡ. ಅಲ್ಲಿ ಒಣಗುತ್ತದೆ ನಿಜ, ಹೊಗೆಯ ಜಿಡ್ಡು ಮಾತ್ರ ಬಟ್ಟೆಗೆ ಕೂರುತ್ತದೆ.

ಗರಿ ಹೊರಗೆ ಬರುತ್ತಿದ್ದರೆ

ಅಪರೂಪಕ್ಕೆ ಒಂದೆರಡು ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ತುಪ್ಪುಳದ ಜೊತೆ ಸಣ್ಣ ಗರಿಗಳೂ ಸ್ವಲ್ಪ ಇದ್ದೇ ಇರುತ್ತವೆ. ಲೇಬಲ್ ಮೇಲೆ 90/10 ಅಂತ ಇದ್ದರೆ ನೂರರಲ್ಲಿ ಹತ್ತು ಪಾಲು ಗರಿ. ಆ ಗರಿಯ ಕಡ್ಡಿ ಬಟ್ಟೆ ಚುಚ್ಚಿಕೊಂಡು ಇಣುಕುತ್ತದೆ. ಕಂಡ ಕೂಡಲೇ ಹಿಡಿದು ಎಳೆಯಬೇಕು ಅನ್ನಿಸುತ್ತದೆ. ದಯವಿಟ್ಟು ಎಳೆಯಬೇಡಿ. ಒಂದು ಗರಿ ತನ್ನ ಬೆನ್ನಿಗೆ ನಾಲ್ಕು ಎಳೆ ತುಪ್ಪುಳ ಎಳೆದುಕೊಂಡು ಬರುತ್ತದೆ, ತೂತೂ ದೊಡ್ಡದಾಗುತ್ತದೆ. ಇನ್ನೊಂದು ಕಡೆಯಿಂದ, ಬಟ್ಟೆಯ ಮೇಲಿಂದಲೇ ಬೆರಳಲ್ಲಿ ಆ ಗರಿಯನ್ನು ಚಿವುಟಿ ಹಿಡಿದು ಹಿಂದಕ್ಕೆ ಎಳೆದುಕೊಳ್ಳಿ. ಆಮೇಲೆ ತೂತಿನ ಮೇಲೆ ಉಗುರಿನಿಂದ ಮೆಲ್ಲಗೆ ಉಜ್ಜಿದರೆ ನೂಲುಗಳು ಮತ್ತೆ ಹತ್ತಿರ ಬಂದು ಮುಚ್ಚಿಕೊಳ್ಳುತ್ತವೆ.

ತುಂಬಾ ಬರುತ್ತಿದೆ ಅನ್ನಿಸಿದರೆ ಕಪ್ಪು ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡು ಒಂದು ಗಂಟೆ ಮನೆಕೆಲಸ ಮಾಡಿ. ತೆಗೆದು ಸ್ವೆಟರ್ ನೋಡಿ. ಬಿಳಿ ಎಳೆಗಳು ಗೆರೆಗೆರೆಯಾಗಿ ಅಂಟಿದ್ದರೆ ಹೊಲಿಗೆಯ ತೂತಿನಿಂದ ಸೋರುತ್ತಿದೆ. ಒಂದೇ ಜಾಗದಲ್ಲಿದ್ದರೆ ಅಲ್ಲಿ ಸಣ್ಣ ಹರಕು ಇದೆ, ಹುಡುಕಿ. ಎಲ್ಲ ಕಡೆ ಹರಡಿದ್ದರೆ ಬಟ್ಟೆಯೇ ಸವೆದಿದೆ. ಬಟ್ಟೆ ಸವೆದ ಜಾಕೆಟ್‌ಗೆ ಮದ್ದಿಲ್ಲ.

ಹರಕಿಗೆ ಮದ್ದಿದೆ. ನಮ್ಮಲ್ಲಿ ಹೆಚ್ಚಿನ ಹರಕು ಎರಡು ಥರ. ಒಂದು, ಲಂಟಾನದ ಮುಳ್ಳು, ಕಾಫಿ ಗಿಡದ ಒಣ ರೆಂಬೆ. ಇನ್ನೊಂದು, ಬೆಂಕಿ ಕಾಯಿಸುವಾಗ ಹಾರಿದ ಕಿಡಿ. ಕಿಡಿ ಬಿದ್ದರೆ ನೈಲಾನ್ ಕರಗಿ ಗುಂಡಗೆ ತೂತಾಗುತ್ತದೆ. ಮೊದಲು ಹೊರಗೆ ಬಂದ ತುಪ್ಪುಳವನ್ನು ಪೆನ್ಸಿಲಿನ ಹಿಂಬದಿಯಿಂದ ಒಳಗೆ ತಳ್ಳಿ. ಸುತ್ತಲಿನ ಬಟ್ಟೆಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ ಜಿಡ್ಡು ತೆಗೆಯಿರಿ. ಚಾರಣದ ಸಾಮಾನು ಮಾರುವವರಲ್ಲಿ ನೈಲಾನ್ ರಿಪೇರಿ ಟೇಪ್ ಸಿಗುತ್ತದೆ. ಅದರ ಮೂಲೆಗಳನ್ನು ಗುಂಡಗೆ ಕತ್ತರಿಸಿ ಅಂಟಿಸಿ. ಚೂಪು ಮೂಲೆ ಬಿಟ್ಟರೆ ಅಲ್ಲಿಂದಲೇ ಏಳುತ್ತದೆ. ಒಂದು ದಿನ ಭಾರ ಇಟ್ಟು ಬಿಡಿ. ಸೆಲ್ಲೋಟೇಪ್ ಬೇಡ, ಅದರ ಅಂಟು ಉಳಿದು ಆಮೇಲೆ ಸರಿಯಾದ ಟೇಪ್ ಹಿಡಿಯುವುದಿಲ್ಲ. ದರ್ಜಿ ಹತ್ತಿರ ಹೊಲಿಸುವುದಾದರೆ ಅತಿ ಸಣ್ಣ ಸೂಜಿ ಹಾಕಲಿಕ್ಕೆ ಹೇಳಿ. ದಪ್ಪ ಸೂಜಿಯ ಪ್ರತಿ ತೂತಿನಿಂದಲೂ ತುಪ್ಪುಳ ಬರುತ್ತದೆ.

ಜಿಪ್ ಬಿಟ್ಟುಕೊಳ್ಳುತ್ತಿದ್ದರೆ ಹಲ್ಲು ಸರಿ ಇದೆಯಾ ನೋಡಿ. ಹಲ್ಲು ಸರಿ ಇದ್ದು ಹಿಂದಿನಿಂದ ಬಾಯಿ ಬಿಡುತ್ತಿದ್ದರೆ ರನ್ನರ್ ಸಡಿಲವಾಗಿದೆ. ಇಕ್ಕಳದಲ್ಲಿ ಅದರ ಎರಡೂ ಬದಿ ಸ್ವಲ್ಪವೇ ಸ್ವಲ್ಪ ಅಮುಕಿ. ಆಗದಿದ್ದರೆ ರನ್ನರ್ ಬದಲಿಸಿ. ಅದಕ್ಕಾಗಿ ಜಾಕೆಟ್ ಎಸೆದವರನ್ನು ನೋಡಿದ್ದೇನೆ, ಬೇಸರವಾಗುತ್ತದೆ.

ಒಳಗೆ ಅಂಟು, ಸಿಪ್ಪೆ ಏಳುವುದು

ಬಟ್ಟೆಯ ಒಳಮೈ ಅಂಟಂಟಾಗಿ, ಬಿಳಿ ಸಿಪ್ಪೆ ಉದುರುತ್ತಿದ್ದರೆ ಅದು ಕೊಳೆಯಲ್ಲ. ನೀರು ತಡೆಯಲು ಬಳಿದ ಪಾಲಿಯುರೆಥೇನ್ ಪದರ ಗಾಳಿಯ ತೇವಕ್ಕೆ ಒಡೆಯುತ್ತಿದೆ. ಹಳೆಯ ರೇನ್‌ಕೋಟ್, ಟೆಂಟ್, ಬೆನ್ನುಚೀಲದ ಒಳಗೂ ನೀವು ಇದನ್ನು ನೋಡಿರುತ್ತೀರಿ. ಶುರುವಾದ ಮೇಲೆ ನಿಲ್ಲಿಸಲು ಆಗುವುದಿಲ್ಲ. ಬಟ್ಟೆ ಹೋಯಿತು, ಒಳಗಿನ ತುಪ್ಪುಳ ಚೆನ್ನಾಗಿಯೇ ಇರಬಹುದು. ಗಾಳಿ ಆಡದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅದನ್ನು ತೆಗೆದು, ಒತ್ತು ನೇಯ್ಗೆಯ ಬಟ್ಟೆಯಲ್ಲಿ ತುಂಬಿ ದಿಂಬು ಮಾಡಬಹುದು. ಫ್ಯಾನ್ ಹಾಕಬೇಡಿ!

ತೊಳೆಯುವುದು

ಕಾಲರ್, ತೋಳಿನ ತುದಿ ಕಪ್ಪಗೆ ಮಿರುಗಿದರೆ, ಒಣಗಿದ ಮೇಲೂ ಉಬ್ಬು ಬರದಿದ್ದರೆ ತೊಳೆಯಬೇಕು. ತೊಳೆದರೆ ಹಾಳಾಗುತ್ತದೆ ಅಂತ ಹತ್ತು ವರ್ಷ ತೊಳೆಯದೆ ಇಟ್ಟವರಿದ್ದಾರೆ. ತೊಳೆಯುವುದರಿಂದ ಹಾಳಾಗುವುದಿಲ್ಲ, ಒಣಗಿಸದೆ ಬಿಟ್ಟರೆ ಹಾಳಾಗುತ್ತದೆ. ಆದ್ದರಿಂದ ಕೊಡಗಿನಲ್ಲಿ ಇದಕ್ಕೆ ಕಾಲ ಇದೆ. ಜನವರಿ, ಫೆಬ್ರವರಿ. ಕಣದಲ್ಲಿ ಕಾಫಿ ಹರಡುವ ದಿನಗಳೇ ಜಾಕೆಟ್ ತೊಳೆಯುವ ದಿನಗಳು. ಮಳೆಗಾಲದಲ್ಲಿ ಡ್ರೈಯರ್ ಇಲ್ಲದೆ ತೊಳೆಯಲೇಬೇಡಿ.

ಮಾಮೂಲಿ ಸೋಪು ಪುಡಿ ಬೇಡ. ತುಪ್ಪುಳಕ್ಕೆ ತನ್ನದೇ ಸ್ವಲ್ಪ ಎಣ್ಣೆ ಇರುತ್ತದೆ, ಅದನ್ನೂ ತೆಗೆದುಬಿಡುತ್ತದೆ. ಕಂಫರ್ಟ್ ಥರದ ಮೆದುಗೊಳಿಸುವ ದ್ರವವಂತೂ ಬೇಡವೇ ಬೇಡ, ಎಳೆಗಳ ಮೇಲೆ ಪದರವಾಗಿ ಕೂರುತ್ತದೆ. ನಿಕ್‌ವ್ಯಾಕ್ಸ್, ಗ್ರೇಂಜರ್ಸ್ ಥರದವರು ಡೌನ್‌ಗೇ ಅಂತ ಮಾಡಿದ ದ್ರವ ಸಿಗುತ್ತದೆ. ಡ್ರೈಕ್ಲೀನ್‌ಗೆ ಕೊಡಬೇಡಿ, ಲೇಬಲ್‌ನಲ್ಲಿ ಹಾಗೇ ಮಾಡಿ ಅಂತ ಇದ್ದರೆ ಮಾತ್ರ ಕೊಡಿ. ಮೊದಲ ಸಲ ನಾನು ಗೊತ್ತಿಲ್ಲದೆ ಒಂದು ಲಾಂಡ್ರಿಗೆ ಕೊಟ್ಟಿದ್ದೆ. ಜಾಸ್ತಿ ಬಿಸಿಯಲ್ಲಿ ಒಣಗಿಸಿ, ಒಂದು ತೋಳಿನ ಬಟ್ಟೆ ಸುಕ್ಕುಗಟ್ಟಿ ಗಟ್ಟಿಯಾಗಿ ಬಂತು. ಆವತ್ತಿನಿಂದ ನಾನೇ ತೊಳೆಯುತ್ತೇನೆ.

ಮುಂದಿನಿಂದ ಬಾಗಿಲು ಇರುವ ಮೆಷಿನ್ ಆದರೆ ಮೆಲ್ಲನೆಯ ಸೈಕಲ್, ಉಗುರು ಬೆಚ್ಚಗಿನ ನೀರು, ಜಿಪ್ ಹಾಕಿ, ಎರಡು ಸಲ ಜಾಲಿಸಿ. ಮೇಲಿನಿಂದ ಹಾಕುವ, ನಡುವೆ ಕಂಬ ತಿರುಗುವ ಮೆಷಿನ್‌ನಲ್ಲಿ ಬೇಡ. ಗಾಳಿ ತುಂಬಿದ ಜಾಕೆಟ್ ತೇಲುತ್ತದೆ, ಕಂಬಕ್ಕೆ ಸಿಕ್ಕಿ ಹೊಲಿಗೆ ಹರಿಯುತ್ತದೆ. ಅದಕ್ಕಿಂತ ದೊಡ್ಡ ಟಬ್‌ನಲ್ಲಿ ಕೈಯಲ್ಲೇ ತೊಳೆಯುವುದು ಒಳ್ಳೆಯದು.

ಕೈಯಲ್ಲಿ ತೊಳೆಯುವಾಗ ಜಾಕೆಟ್ ಮುಳುಗುವುದೇ ಇಲ್ಲ. ಅಂಗೈಯಿಂದ ಒಂದೊಂದೇ ಖಾನೆ ಒತ್ತಿ ಗಾಳಿ ಬಿಡಿಸಬೇಕು. ಗುಳುಗುಳು ಗುಳ್ಳೆ ಬರುತ್ತದೆ. ಹತ್ತು ನಿಮಿಷ ಆದ ಮೇಲೆ ನೀರು ಟೀ ಬಣ್ಣಕ್ಕೆ ತಿರುಗುತ್ತದೆ. ಚಿಕ್ಕಪ್ಪನ ಜಾಕೆಟ್‌ನದ್ದು ಟೀ ಅಲ್ಲ, ಕಡು ಕಾಫಿ ಬಣ್ಣ. ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ, ಸೋಪು ಉಳಿದರೆ ಮತ್ತೆ ಗಂಟು. ಹಿಂಡಬೇಡಿ. ತೆಗೆಯುವಾಗ ಭುಜ ಹಿಡಿದು ಎತ್ತಬೇಡಿ. ನೀರು ಕುಡಿದ ತುಪ್ಪುಳದ ಭಾರಕ್ಕೆ ಒಳಗಿನ ಗೋಡೆಗಳು ಹರಿಯುತ್ತವೆ. ಎರಡೂ ಕೈ ಅಡಿಗೆ ಹಾಕಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿ, ದೊಡ್ಡ ಟವೆಲ್ ಮೇಲೆ ಇಟ್ಟು, ಸುತ್ತಿ, ಮೆಲ್ಲಗೆ ಒತ್ತಿ.

ಈ ಹೊತ್ತಿಗೆ ಜಾಕೆಟ್ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಎರಡು ಪದರ ತೆಳು ಬಟ್ಟೆ, ನಡುವೆ ಅಲ್ಲಲ್ಲಿ ಸಗಣಿ ಉಂಡೆಯಂಥ ಗಂಟು. ಹೆದರಬೇಡಿ. ಇನ್ನು ಮುಂದಿನದೇ ನಿಜವಾದ ಕೆಲಸ.

ಡ್ರೈಯರ್ ಇದ್ದರೆ ಅತಿ ಕಡಿಮೆ ಬಿಸಿಯಲ್ಲಿ, ಮೂರು ತೊಳೆದ ಟೆನಿಸ್ ಚೆಂಡುಗಳ ಜೊತೆ ಹಾಕಿ. ಎರಡು ಮೂರು ಗಂಟೆ ಬೇಕು. ಅರ್ಧ ಗಂಟೆಗೊಮ್ಮೆ ತೆಗೆದು ಗಂಟು ಬಿಡಿಸಿ. ಹೊರಗೆ ಒಣಗಿದೆ ಅನ್ನಿಸಿದ ಮೇಲೂ ಒಳಗೆ ತೇವ ಇರುತ್ತದೆ. ಮನೆಯಲ್ಲಿ ಡ್ರೈಯರ್ ಇಲ್ಲದವರು ಗುರುತಿನ ಹೋಂಸ್ಟೇ ಅಥವಾ ರೆಸಾರ್ಟ್ ಲಾಂಡ್ರಿಯಲ್ಲಿ ಕೇಳಿ ನೋಡಿ. ಪಕ್ಕದಲ್ಲೇ ನಿಂತು ಬಿಸಿ ಎಷ್ಟಿದೆ ಅಂತ ನೀವೇ ನೋಡಿಕೊಳ್ಳಿ.

ಬಿಸಿಲಲ್ಲಾದರೆ ಒಳಮೈ ಹೊರಗೆ ಮಾಡಿ, ಬಿದಿರಿನ ತಟ್ಟಿ ಮೇಲೆ ಮಲಗಿಸಿ, ತೆಳು ಬಿಳಿ ಪಂಚೆ ಹೊದಿಸಿ. ನೇರ ಬಿಸಿಲು ದಿನವಿಡೀ ಬಿದ್ದರೆ ನೈಲಾನ್ ನೂಲು ಸೊರಗುತ್ತದೆ. ಗಂಟೆಗೊಮ್ಮೆ ಮಗುಚಿ, ಗಂಟುಗಳನ್ನು ಎರಡೂ ಕೈಯ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಹಿಂಜಿದ ಹಾಗೆ ಬಿಡಿಸಿ. ಬಟ್ಟೆ ಎಳೆಯಬೇಡಿ, ಒಳಗಿನ ಗಂಟು ಮಾತ್ರ. ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ. ಮೂರು ದಿನ ಹೀಗೆ. ದಿನಾ ತೂಗಿ. ಎರಡು ದಿನ ತೂಕ ಕದಲದಿದ್ದರೆ ಒಣಗಿದೆ.

ಕೊನೆಗೆ ತೋಳಿನ ಮೇಲೆ ಒಂದು ಹನಿ ನೀರು ಬಿಡಿ. ಕೆಸುವಿನ ಎಲೆ ಮೇಲಿನ ಹಾಗೆ ಉರುಳಿದರೆ ಸರಿ. ಬಟ್ಟೆಗೆ ಇಳಿದರೆ ನೀರು ತಡೆಯುವ ಲೇಪ ಮಂಕಾಗಿದೆ. ಡ್ರೈಯರ್‌ನ ಹಿತವಾದ ಬಿಸಿಗೇ ಅದು ಅರ್ಧ ಚೇತರಿಸಿಕೊಳ್ಳುತ್ತದೆ. ಆಗದಿದ್ದರೆ ಸ್ಪ್ರೇ ಸಿಗುತ್ತದೆ. ಆದರೆ ಆ ಲೇಪವನ್ನು ನಂಬಿ ನಮ್ಮ ಮಳೆಗೆ ಇಳಿಯಬೇಡಿ. ಅದು ಇಬ್ಬನಿಗೆ, ಸಣ್ಣ ಹನಿಗೆ. ಜುಲೈನ ಭಾಗಮಂಡಲದ ಮಳೆಗೆ ಅಲ್ಲ.

ಇಡುವುದು, ಕೊಳ್ಳುವುದು

ಜಾಕೆಟ್ ಜೊತೆ ಬಂದ ಪುಟ್ಟ ಚೀಲ ಪ್ರಯಾಣಕ್ಕೆ ಮಾತ್ರ. ಮನೆಯಲ್ಲಿ ಅಗಲದ ಹ್ಯಾಂಗರ್‌ಗೆ ಹಾಕಿ, ಇಲ್ಲ ಹಳೆಯ ಹತ್ತಿಯ ದಿಂಬಿನ ಚೀಲದಲ್ಲಿ ಸಡಿಲವಾಗಿ ಇಡಿ. ಪ್ಲಾಸ್ಟಿಕ್ ಬೇಡ. ಗೋಡೆಗೆ ತಾಗಿದ ಬೀರುವಿನ ಹಿಂಭಾಗ ಬೇಡ. ಮಳೆಗಾಲದಲ್ಲಿ ಕೆಲವು ಮನೆಗಳಲ್ಲಿ ಬೀರುವಿನೊಳಗೆ ಬಲ್ಬ್ ಉರಿಸುತ್ತಾರೆ. ಬಟ್ಟೆಗೆ ತಾಗಿದರೆ ನೈಲಾನ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ನಾನು ವಾರಕ್ಕೊಮ್ಮೆ ಬಿಸಿಲು ಇಣುಕಿದ ದಿನ ಜಾಕೆಟ್ ಹೊರಗೆ ತೆಗೆದು, ಕೊಡವಿ, ಎರಡು ಗಂಟೆ ಗಾಳಿಗೆ ಬಿಡುತ್ತೇನೆ. ಇಲ್ಲದಿದ್ದರೆ ತೇವ ಹೀರುವ ಯಂತ್ರ ಇರುವ ಕೋಣೆಯಲ್ಲಿ ಒಂದು ರಾತ್ರಿ.

ಹೊಸದು ಕೊಳ್ಳುವವರು ಫಿಲ್ ಪವರ್ ಒಂದನ್ನೇ ನೋಡುತ್ತಾರೆ. 800 ಅಂದರೆ ಗಟ್ಟಿ ಅಂತ ಅರ್ಥ ಅಲ್ಲ, ಅದೇ ಬಿಸಿಗೆ ತೂಕ ಕಡಿಮೆ ಅಂತ ಅಷ್ಟೆ. ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಅಂತ ಕೇಳಿ. ಬಾಳಿಕೆ ನಿಂತಿರುವುದು ಹೊರಬಟ್ಟೆಯ ಮೇಲೆ. ಅದರ ಅಳತೆ ಡೆನಿಯರ್. 9 ಕಿಲೋಮೀಟರ್ ಉದ್ದದ ನೂಲು, ಅಂದರೆ ಮಡಿಕೇರಿಯಿಂದ ಅಬ್ಬಿ ಜಲಪಾತ ಮುಟ್ಟುವಷ್ಟು ನೂಲು, 10 ಗ್ರಾಂ ತೂಗಿದರೆ 10 ಡೆನಿಯರ್. ಅಷ್ಟು ತೆಳು ಬಟ್ಟೆ ಟೆಂಟಿನ ಒಳಗೆ ಚೆನ್ನ. ತೋಟದಲ್ಲಿ ಬೆಳಿಗ್ಗೆ ತಿರುಗುವವರಿಗೆ, ತಡಿಯಂಡಮೋಳ್ ಹತ್ತುವವರಿಗೆ 30ರ ಆಸುಪಾಸಿನದ್ದೇ ಬೇಕು. 1922ರ ಎವರೆಸ್ಟ್ ತಂಡದಲ್ಲಿ ಜಾರ್ಜ್ ಫಿಂಚ್ ತುಪ್ಪುಳದ ಕೋಟು ಹೊಲಿಸಿಕೊಂಡಾಗ ಹೊರಗೆ ಹಾಕಿಸಿದ್ದು ಬಲೂನಿನ ಬಟ್ಟೆ. ಗಾಳಿ ಸೋರದ ಬಟ್ಟೆಯಿಂದ ತುಪ್ಪುಳವೂ ಸೋರುವುದಿಲ್ಲ ಅನ್ನುವುದು ಸರಳ ಲೆಕ್ಕ. ಅಂಗಡಿಯಲ್ಲಿ ಒಂದು ಖಾನೆಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿ. ಗಾಳಿ ಮೆಲ್ಲಗೆ ಹೋಗಿ, ಮೆಲ್ಲಗೆ ವಾಪಸ್ ತುಂಬಿಕೊಳ್ಳಬೇಕು. ಕೈಗೆ ಗರಿಯ ಕಡ್ಡಿಗಳು ಚುಚ್ಚಿದರೆ ಬೇರೆ ನೋಡಿ.

ಚಿಕ್ಕಪ್ಪನ ಜಾಕೆಟ್ ವಿಷಯಕ್ಕೆ ಬರುತ್ತೇನೆ. ಆಗಸ್ಟಿನಲ್ಲಿ ತೇವ ಹೀರುವ ಯಂತ್ರದ ಕೋಣೆಯಲ್ಲಿ ನಾಲ್ಕು ದಿನ ಇಟ್ಟಾಗ 690 ಇದ್ದದ್ದು 648ಕ್ಕೆ ಬಂದು ನಿಂತಿತು. ಉಬ್ಬು ಸ್ವಲ್ಪ ಬಂತು, ಸಾಲಲಿಲ್ಲ. ಹಾಗಾದರೆ ಉಳಿದದ್ದು ಕೊಳೆ. ಜನವರಿಯವರೆಗೆ ಕಾದು ತೊಳೆದೆ. ಮೂರನೇ ದಿನದ ಸಂಜೆ 631 ಗ್ರಾಂ, ನಾಲ್ಕನೇ ದಿನವೂ 631. ಬೆನ್ನಿನ ದಪ್ಪ 2.5 ಸೆಂಟಿಮೀಟರ್ ಇದ್ದದ್ದು 5 ಆಗಿತ್ತು. ಟಾರ್ಚ್ ಹಿಡಿದಾಗ ಎಡ ಮೊಣಕೈ ಹತ್ತಿರ ಎರಡು ಖಾನೆ ಖಾಲಿ ಕಂಡವು. ಅಲ್ಲಿ ಒಂದು ಹಳೆಯ ಕಿಡಿ ತೂತು ಇತ್ತು. ಟೇಪ್ ಹಾಕಿದೆ. ಆ ಎರಡು ಖಾನೆ ಖಾಲಿಯಾಗಿಯೇ ಉಳಿದಿವೆ.

ಕೊಟ್ಟಾಗ ಚಿಕ್ಕಪ್ಪ ಅಂಗಳದಲ್ಲೇ ನಿಂತು ತೊಟ್ಟುಕೊಂಡರು. ಜಿಪ್ ಕುತ್ತಿಗೆವರೆಗೆ ಎಳೆದು, ಎರಡು ನಿಮಿಷ ಸುಮ್ನೆ ನಿಂತರು. "ಎಡಗೈಗೆ ಸ್ವಲ್ಪ ಗಾಳಿ ಹೊಡೀತದೆ," ಅಂದರು. ಅದನ್ನೇ ತೊಟ್ಟುಕೊಂಡು ಮನೆಗೆ ಹೊರಟರು. 631 ಅಂತ ಬರೆದ ಚೀಟಿ ಒಳಜೇಬಿನಲ್ಲಿತ್ತು.